ಕದ ತಟ್ಟುವ ದೂತ



ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಬಲಿಪೂಜೆ ಮುಗಿಸಿ ಒಳಕೋಣೆಗೆ ಬಂದಾಗ, ದೇವಾಲಯದ ಸೇವಕನು ನೆಲದ ಮೇಲಿನ ರಕ್ತದ ಕಲೆಗಳನ್ನು ತೋರಿಸಿದನು. ಬರಿಗಾಲಿನಲ್ಲಿ ನಿಂತಿದ್ದ ನನ್ನ ಪಾದಕ್ಕೆ ಮುಳ್ಳು ಹೊಕ್ಕಿತ್ತು. ನನಗೆ ಅದರ ಅರಿವೇ ಇರಲಿಲ್ಲ! ನೋವಿಲ್ಲವಲ್ಲ ಎಂದು ನಾನು ನಕ್ಕೆ. ವೈದ್ಯರು ನಗಲಿಲ್ಲ. ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಹೊರಬಿತ್ತು. ಅದು ಬಹುಕಾಲ ಗುಟ್ಟಾಗಿದ್ದು ಪಾದದ ನರಗಳನ್ನು ಮಂದಗೊಳಿಸಿತ್ತು.

"ಹಾಗಾದರೆ ನನ್ನಲ್ಲಿ ಇನ್ಸುಲಿನ್ ಇಲ್ಲವೇ?" ಎಂದು ಕೇಳಿದೆ. "ಇದೆ ಫಾದರ್, ಅದರ ಮಾತನ್ನು ಜೀವಕೋಶಗಳು ಸರಿಯಾಗಿ ಕೇಳುತ್ತಿಲ್ಲ" ಎಂದರು.

ಆ ಮಾತು ನನ್ನನ್ನು ಓದಿಗೆ ಹಚ್ಚಿತು. ನಮ್ಮ ಜೀವಕೋಶಗಳು ಸದಾ ಪರಸ್ಪರ ಸಂದೇಶ ಕಳುಹಿಸುತ್ತಿರುತ್ತವೆ. ಊಟವಾದೊಡನೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ದೂತನನ್ನು ರಕ್ತಕ್ಕೆ ಬಿಡುತ್ತದೆ. ಈ ದೂತನು ಸ್ನಾಯುಕೋಶದ ಹೊರಗೋಡೆಯಲ್ಲಿರುವ ಗ್ರಾಹಕವನ್ನು ಮುಟ್ಟುತ್ತಾನೆ. ಆ ಸ್ಪರ್ಶವು ಒಳಗೆ ಕೈಯಿಂದ ಕೈಗೆ ಸಾಗಿ, ಅಡಗಿದ್ದ ಬಾಗಿಲುಗಳನ್ನು ಗೋಡೆಗೆ ತರುತ್ತದೆ, ಸಕ್ಕರೆ ಒಳಸೇರುತ್ತದೆ. ಒಂದನೆಯ ಬಗೆಯ ಕಾಯಿಲೆಯಲ್ಲಿ ದೂತನನ್ನು ಕಳುಹಿಸುವ ಕೋಶಗಳೇ ನಾಶವಾಗುತ್ತವೆ. ನನ್ನಂಥವರ ಎರಡನೆಯ ಬಗೆಯಲ್ಲಿ ದೂತನು ಬಂದರೂ ಸಂದೇಶ ಒಳಗೆ ಸರಿಯಾಗಿ ಸಾಗದು. ಗ್ರಂಥಿಯು ಮತ್ತಷ್ಟು ದೂತರನ್ನು ಕಳುಹಿಸಿ, ಕ್ರಮೇಣ ತಾನೇ ದಣಿಯುತ್ತದೆ.

1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ, ಸಾವಿನಂಚಿನಲ್ಲಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ಮತ್ತಷ್ಟು ಶುದ್ಧೀಕರಿಸಿದ ಮದ್ದನ್ನು ಜನವರಿ 23ರಂದು ಕೊಟ್ಟಾಗ ಬಾಲಕನು ಚೇತರಿಸಿಕೊಂಡನು. ಮತ್ತೆ 13 ವರ್ಷ ಬದುಕಿದನು. ಅವನಿಗೆ ದೂತನೇ ಇರಲಿಲ್ಲ. ನನಗೋ, ಇದ್ದ ದೂತನನ್ನು ಆಲಿಸುವ ಕೋಶಗಳಿರಲಿಲ್ಲ.

ವಿಪರೀತ ಬಾಯಾರಿಕೆ, ರಾತ್ರಿ ಮೂರು ನಾಲ್ಕು ಬಾರಿ ಏಳುವುದು, ಕಾರಣವಿಲ್ಲದ ದಣಿವು: ಎಲ್ಲವೂ ನನ್ನ ಕದ ತಟ್ಟಿದ್ದವು. ಪಾಪನಿವೇದನೆಯ ಪೀಠದಲ್ಲಿ ಕುಳಿತು ಪರರ ಮಾತನ್ನು ಗಂಟೆಗಟ್ಟಲೆ ಆಲಿಸಿದ ನಾನು ನನ್ನ ಶರೀರದ ಮಾತನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿದ್ದೆ. ಅಡಿಗಾಲಿನ ಸ್ಪರ್ಶ ಇಂದಿಗೂ ಪೂರ್ತಿ ಮರಳಿಲ್ಲ.

ಒಂದು ಸಮಾಧಾನವಿದೆ. ನಡೆಯುವಾಗ ಸ್ನಾಯುಗಳು ಇನ್ಸುಲಿನ್‌ಗಾಗಿ ಕಾಯದೆ, ಬೇರೊಂದು ಮಾರ್ಗದಿಂದ ಅದೇ ಬಾಗಿಲುಗಳನ್ನು ಗೋಡೆಗೆ ತರುತ್ತವೆ. ನಡಿಗೆಯ ನಂತರ ಹಲವು ಗಂಟೆಗಳವರೆಗೆ ಇನ್ಸುಲಿನ್ನಿನ ಮಾತನ್ನೂ ಚೆನ್ನಾಗಿ ಕೇಳುತ್ತವೆ. ಆದ್ದರಿಂದ ಮಾತ್ರೆಯ ಜೊತೆಗೆ, ರಾತ್ರಿಯೂಟದ ಬಳಿಕ ಸಮಾಧಿಭೂಮಿಯ ಗೇಟಿನವರೆಗೆ ಪಾದರಕ್ಷೆ ಧರಿಸಿ ನಡೆದುಬರುತ್ತೇನೆ. ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ.

ನಿಮ್ಮಲ್ಲಿ ಎರಡು ಬೇಡಿಕೆ. ಮನೆಯ ಹಿರಿಯರನ್ನು ಒಮ್ಮೆ ರಕ್ತಪರೀಕ್ಷೆಗೆ ಕರೆದೊಯ್ಯಿರಿ. ಮತ್ತು ಮುಂದಿನ ಬಾರಿ ನಿಮ್ಮ ಮನೆಗೆ ಬಂದಾಗ ನಾನು ಪಾಯಸ ಬೇಡವೆಂದರೆ, ದಯವಿಟ್ಟು ಮುನಿಯಬೇಡಿ.