ಏಡೆಡ್ಡೋ, ಅನ್‌ಏಡೆಡ್ಡೋ?

ಬೆಳಿಗ್ಗೆ ಕೋಲಸಿರ್ಸಿಯ ಹಾಲು ಡೇರಿಯಲ್ಲಿ ಕ್ಯಾನು ಹಿಡಿದು ನಿಂತಿದ್ದೆ. ಹಿಂದೆ ಇಬ್ಬರು ಮದುವೆಯ ಮಾತಾಡುತ್ತಿದ್ದರು. ಹುಡುಗ ಹೈಸ್ಕೂಲು ಮಾಸ್ತರ. “ಮಾಣಿ ಏಡೆಡ್ಡೋ, ಅನ್‌ಏಡೆಡ್ಡೋ?” “ಅನ್‌ಏಡೆಡ್ಡು” ಎಂದದ್ದೇ ತಡ, ಮಾತು ಅಡಿಕೆ ದರಕ್ಕೆ ಹೊರಳಿತು. ನನಗೆ ಮನೆ ಮುಟ್ಟುವವರೆಗೂ ಸಂಕಟ.

ಸಂಬಳದ ಪ್ರಶ್ನೆ ಸಣ್ಣದಲ್ಲ, ಒಪ್ಪಿದೆ. ಆದರೆ ಶಾಲೆಗೆ ಅಂಟಬೇಕಾದ ಶಬ್ದ ಮನುಷ್ಯನಿಗೆ ಅಂಟಿತಲ್ಲ! ಏಡೆಡ್ ಎಂದರೆ ನೆರವು ಪಡೆದದ್ದು. ಯಾರ ನೆರವು? ಖಾಸಗಿ ಶಾಲೆಗಳಿಗೆ ಸರ್ಕಾರ ನೆರವು ಕೊಡಲಿ ಎಂದ 1854ರ ವುಡ್ ಶಿಫಾರಸಿನ ಕಾಲದಿಂದಲೂ ಆ ಶಬ್ದಕ್ಕೆ ಸರ್ಕಾರದ ನೆರವೊಂದೇ ಲೆಕ್ಕ.

ಕನ್ನಡದ ‘ಅನುದಾನಿತ’ ಇದಕ್ಕಿಂತ ಪ್ರಾಮಾಣಿಕ. ಅನು ಎಂದರೆ ಹಿಂದಿನಿಂದ, ಬೆನ್ನಿಗೆ. ಅನುಜ ಎಂದರೆ ಬೆನ್ನಿಗೆ ಹುಟ್ಟಿದವನು. ಅನುಜ ಇದ್ದಾನೆಂದ ಮೇಲೆ ಅಣ್ಣ ಇರಲೇಬೇಕು. ಅನುದಾನ ಬರುವ ಮೊದಲು ಒಂದು ದಾನ ಆಗಿರಲೇಬೇಕು. ಆ ಹಿರಿಯ ದಾನ ಊರಿನದು.

ನಮ್ಮಜ್ಜನ ಟ್ರಂಕಿನಲ್ಲಿ ಶಾಲೆಯ ವಂತಿಗೆ ಪುಸ್ತಕವೊಂದಿದೆ. ಅಂಚು ಗೆದ್ದಲು ತಿಂದಿದೆ, ಶಾಯಿ ಕಂದಾಗಿದೆ. ಒಬ್ಬರ ಹೆಸರಿನ ಮುಂದೆ ಅಡಿಕೆ ಅರ್ಧ ಮಣ, ಇನ್ನೊಬ್ಬರದು ಹಂಚು ಇನ್ನೂರು. ಕೊಡಲು ಏನೂ ಇಲ್ಲದವರ ಮುಂದೆ ‘ಆಳು 4’ ಎಂದಿದೆ, ನಾಲ್ಕು ದಿನದ ಮೈದುಡಿಮೆ. ಆ ಪುಟ ಮುಟ್ಟಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ನಮ್ಮ ಜಿಲ್ಲೆಯ ಶಾಲೆಗಳು ಎದ್ದದ್ದೇ ಹೀಗೆ, ಜನ ಮುಂದಾದ ಮೇಲೆ. ಅಂಕೋಲೆಯಲ್ಲಿ ದಿನಕರ ದೇಸಾಯರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ್ದೂ ಸರ್ಕಾರ ಬರಲೆಂದು ಕಾದು ಕುಳಿತಲ್ಲ. ಚುಟುಕ ಬರೆದ ಕೈಯೇ ಶಾಲೆಗಳನ್ನೂ ಕಟ್ಟಿತು.

ಈಗ ಏಡೆಡ್ ಶಾಲೆಯಲ್ಲೂ ಮಾಸ್ತರೊಬ್ಬರು ನಿವೃತ್ತರಾದರೆ ಹುದ್ದೆ ವರ್ಷಗಟ್ಟಲೆ ಖಾಲಿ. ಆಡಳಿತ ಮಂಡಳಿಯೇ ಕೈಯಿಂದ ಕೊಟ್ಟು ಒಬ್ಬ ಅಕ್ಕೋರನ್ನು ಇಟ್ಟುಕೊಳ್ಳುತ್ತದೆ. ಒಂದೇ ಮಾಡು, ಒಂದೇ ಗಂಟೆ, ಎರಡು ಸಂಬಳ. 1995ರ ನಂತರ ಶುರುವಾದ ಕನ್ನಡ ಶಾಲೆಗಳಂತೂ ಅನುದಾನ ಕೇಳಿ ಕೇಳಿ ದಣಿದಿವೆ. ಅವುಗಳ ಬಾಗಿಲು ಇನ್ನೂ ತೆರೆದಿದ್ದರೆ ಅದು ಊರವರ ವಂತಿಗೆಯಿಂದ, ಕಡಿಮೆ ಸಂಬಳಕ್ಕೆ ಕಲಿಸುವವರ ತಾಳ್ಮೆಯಿಂದ. ಅಂಥ ಶಾಲೆಯನ್ನು ನೆರವಿಲ್ಲದ ಶಾಲೆ ಎನ್ನುವುದು ಸುಳ್ಳು.

ಸರ್ಕಾರ ಆ ಶಾಲೆಗಳ ಅನುದಾನವನ್ನು ಇನ್ನು ತಡಮಾಡದೆ ಕೊಡಲಿ. ಹೆಣ್ಣು ಕೊಡುವ ಅಪ್ಪಂದಿರೇ, ಸಂಬಳ ಖಂಡಿತ ಕೇಳಿ. ಜೊತೆಗೆ, ಮಾಣಿ ಹೇಗೆ ಕಲಿಸುತ್ತಾನೆ ಎಂದು ಅವನ ಶಾಲೆಯ ಮಕ್ಕಳನ್ನೂ ಒಂದು ಮಾತು ಕೇಳಿ.