ಚಳ್ಳಕೆರೆಯ ಬಯಲಿನಲ್ಲಿ ಪುಷ್ಪಕ

ಚಿತ್ರದುರ್ಗದ ಹೆಬ್ಬಂಡೆಗಳನ್ನು ಬೆನ್ನಹಿಂದಿಟ್ಟು ಚಳ್ಳಕೆರೆಯ ದಾರಿ ಹಿಡಿದರೆ, ಬೆಟ್ಟಗಳು ಸರಿದು ನೆಲವು ಬಯಲಾಗುತ್ತ ಹೋಗುವುದು. ಶೇಂಗಾ ಹೊಲಗಳು, ಜಾಲಿಯ ಮರಗಳು, ಅಲ್ಲಲ್ಲಿ ಕುರಿಮಂದೆಗಳು. ಮಳೆ ಕಡಮೆಯಾದ ಈ ಸೀಮೆಯು ಎಣ್ಣೆಗೂ ಕಂಬಳಿಗೂ ಹೆಸರಾದುದು. ಇಲ್ಲಿಯ ಹುಲ್ಲುಗಾವಲನ್ನು ಅಮೃತಮಹಲ್ ಕಾವಲೆನ್ನುವರು. ಮೈಸೂರರಸರ ‘ಬೆಣ್ಣೆಚಾವಡಿ’ಗೆ ಟಿಪ್ಪುಸುಲ್ತಾನನು ಇಟ್ಟ ಹೆಸರೇ ಅಮೃತಮಹಲ್. ಸೈನ್ಯದ ಬಂಡಿಗಳನ್ನೆಳೆದ ಎತ್ತುಗಳ ತಳಿಯು ಬೆಳೆದುದು ಇಂಥ ಕಾವಲುಗಳಲ್ಲಿಯೇ.

ಈ ಕಾವಲಿನ ಒಂದು ಭಾಗದಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾಕ್ಷೇತ್ರವಿರುವುದು. ಗೋಡೆಯ ಹೊರಗೆ ನಿಂತ ನಮಗೆ ಕಂಡುದು ಅಲ್ಪ. ಒಳಗೆ ನಡೆದುದು ಮಾತ್ರ ಅಲ್ಪವಲ್ಲ.

ರಾಕೆಟ್ಟಿನಂತೆ ಏರಿ ವಿಮಾನದಂತೆ ಮರಳುವ ರೆಕ್ಕೆಯ ವಾಹನವೊಂದನ್ನು ಇಸ್ರೋ ಸಂಸ್ಥೆಯವರು ರೂಪಿಸಿರುವರು. ಒಮ್ಮೆ ಹಾರಿದುದು ಹಾಳಾಗದೆ ಮತ್ತೆ ಬಳಕೆಗೆ ಬಂದರೆ ವೆಚ್ಚ ತಗ್ಗುವುದೆಂಬುದೇ ಉದ್ದೇಶ. 2016ನೆಯ ಮೇ 23ರಂದು ಶ್ರೀಹರಿಕೋಟೆಯಿಂದ ಹೊರಟ ಇಂಥ ವಾಹನವು ಆಕಾಶದ ಅಂಚಿನತ್ತ 65 ಕಿಲೋಮೀಟರು ಏರಿತು. ಇಳಿಯುವಾಗ ಅದರ ವೇಗ ಶಬ್ದದ ಐದು ಪಟ್ಟು. ಕಾವನ್ನು ತಡೆಯುವ ಹೊದಿಕೆಯ ಬಲದಿಂದ ಉಳಿದು, ಬಂಗಾಳಕೊಲ್ಲಿಯ ನೀರನ್ನು ಸೇರಿತು. ಆದರೆ ನೀರಿಗೆ ಇಳಿದುದು ಮನೆಗೆ ಮರಳಿದಂತಾಗಲಿಲ್ಲ.

ನೆಲಕ್ಕಿಳಿಯುವ ಪಾಠ ನಡೆದುದು ಈ ಬಯಲಿನಲ್ಲಿ. 2023ನೆಯ ಏಪ್ರಿಲ್ 2ರ ಮುಂಜಾನೆ ವಾಯುಸೇನೆಯ ಹೆಲಿಕಾಪ್ಟರು ಇಂಥದೇ ವಾಹನವನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ತೂಗಿಕೊಂಡು ಹೋಗಿ ಬಿಟ್ಟುಬಿಟ್ಟಿತು. ಒಳಗೆ ಚಾಲಕನಿಲ್ಲ, ನೂಕುವ ಯಂತ್ರವಿಲ್ಲ, ತಪ್ಪಿದರೆ ಇನ್ನೊಂದು ಸುತ್ತು ಬರುವಂತಿಲ್ಲ. ಆದರೂ ತಾನೇ ದಾರಿಯನ್ನೆಣಿಸಿ ಓಡುದಾರಿಗೆ ಇಳಿಯಿತು. 2024ನೆಯ ಮಾರ್ಚ್ 22 ಹಾಗೂ ಜೂನ್ 23ರಂದು ಬೇಕೆಂದೇ ಪಕ್ಕಕ್ಕೆ ಸರಿಸಿ ಬಿಟ್ಟರು. ಆಗಲೂ ಓಡುದಾರಿಯ ನಡುಗೆರೆಗೆ ಬಂದು ಸೇರಿತು. ಗಂಟೆಗೆ 320 ಕಿಲೋಮೀಟರು ಮೀರಿದ ವೇಗದಲ್ಲಿ ನೆಲ ಮುಟ್ಟಿ, ಹಿಂದೆ ಬಿಚ್ಚಿದ ಕೊಡೆಯ ಹಿಡಿತದಿಂದ ನೂರರ ಸಮೀಪಕ್ಕೆ ತಗ್ಗಿ, ಗಾಲಿಗಳ ತಡೆಯಿಂದ ನಿಂತಿತು. ಅದರ ಹೆಸರು ಪುಷ್ಪಕ. ರಾಮನನ್ನು ಅಯೋಧ್ಯೆಗೆ ಮುಟ್ಟಿಸಿ ಕುಬೇರನಲ್ಲಿಗೆ ಮರಳಿದ ವಿಮಾನದ ಹೆಸರು ಇದಕ್ಕೆ ಒಪ್ಪುವುದು.

ಗೋಡೆಯ ಬದಿಯಲ್ಲಿ ಮಂದೆಯನ್ನು ನಡೆಸುತ್ತಿದ್ದ ಹಿರಿಯ ಕುರುಬರೊಬ್ಬರನ್ನು, “ಯಜಮಾನರೇ, ನೀವು ಅದನ್ನು ಕಂಡಿರಾ?” ಎಂದು ಕೇಳಿದೆವು.

“ಸದ್ದು ಕೇಳಿದ್ದೆ ಸ್ವಾಮಿ. ಮುಗಿಲಿಂದ ಬರೋದಕ್ಕೂ ಇಳಿಯಾಕೆ ಬಯಲೇ ಬೇಕಂತೆ. ನಮ್ಮ ಕುರಿಗೂ ಅದೇ ಬಯಲು ಬೇಕಲ್ಲ!” ಎಂದರು.

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಗೋಡೆಗಳೆದ್ದ ಮೇಲೆ ಮಂದೆಗಳು ಸುತ್ತಿಬಳಸಿ ನಡೆಯುತ್ತಿವೆ. ಪುಷ್ಪಕಕ್ಕೆ ಮರಳುವ ನೆಲವನ್ನು ಕೊಟ್ಟವರು ಇವರೂ ಹೌದೆಂಬುದನ್ನು ಆ ಸಾಹಸವನ್ನು ಮೆಚ್ಚುವ ನಾವು ಮರೆಯಬಾರದು.