ಹೊಗೆ ಯಾವಾಗ ಬರ್ತದ?

ಹುಲಗೂರಿನ ನಮ್ಮ ಮನೆಗೆ ಅಪ್ಪನ ಹಳೇ ಬೈಕೇ ಆಧಾರ. ಹೊಲಕ್ಕೂ ಅದೇ, ಶಿಗ್ಗಾವಿ ಸಂತೆಗೂ ಅದೇ. ಅದು ನೀಲಿ ಹೊಗೆ ಬಿಡತೊಡಗಿದಾಗ ಒಬ್ಬ ಮೆಕ್ಯಾನಿಕ್, "ಬೋರ್ ಮಾಡಸ್ರಿ, ಪಿಸ್ಟನ್ ಹಾಕಸ್ರಿ" ಅಂದರು. ಅವರು ಹೇಳಿದ ಮೊತ್ತ ಬಿತ್ತನೆ ಬೀಜಕ್ಕೆ ಎತ್ತಿಟ್ಟ ದುಡ್ಡಿನಷ್ಟಿತ್ತು. "ಬಿಡೋ ತಮ್ಮಾ, ಮಾರಿಬಿಡೂಣು" ಅಂದ ಅಪ್ಪ.

ನಾನು ಒಂದು ವಾರ ಹೊಗೆಯನ್ನೇ ಗಮನಿಸಿದೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಭುಸ್ಸಂತ ಹೊಗೆ, ಎರಡು ನಿಮಿಷಕ್ಕೆ ಮಾಯ. ಓಡುವಾಗ ಎಕ್ಸಲರೇಟರ್ ಎಷ್ಟು ತಿರುವಿದರೂ ಇಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ದಾರಿಯುದ್ದಕ್ಕೂ ಬರಬೇಕಿತ್ತು, ಎಳೆತವೂ ಕಮ್ಮಿಯಾಗಬೇಕಿತ್ತು. ಇದು ವಾಲ್ವ್ ಸೀಲ್ ಲಕ್ಷಣ. ವಾಲ್ವ್ ಕಡ್ಡಿಗೆ ತೊಡಿಸಿದ ಪುಟ್ಟ ರಬ್ಬರ್ ಟೊಪ್ಪಿಗೆ ಅದು. ಕಾವಿಗೆ ಗಟ್ಟಿಯಾದರೆ ಮೇಲಿನ ಆಯಿಲ್ ಹನಿಹನಿಯಾಗಿ ಕೆಳಗಿಳಿಯುತ್ತದೆ.

ಶಿಗ್ಗಾವಿಯ ಇನ್ನೊಬ್ಬರ ಹತ್ತಿರ, "ಅಣ್ಣಾರ, ಮೊದ್ಲು ಕಂಪ್ರೆಶನ್ ನೋಡ್ರಿ" ಅಂದೆ. ಸರಿಯಾಗೇ ಇತ್ತು. ಹೆಡ್ ಬಿಚ್ಚಿ, ವಾಲ್ವ್ ಅಲ್ಲಾಡಿಸಿ ಗೈಡ್ ಸವೆದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಗೈಡ್ ಸಡಿಲವಿದ್ದರೆ ಹೊಸ ಸೀಲ್ ಬಾಳುವುದಿಲ್ಲ. ಎರಡು ಸೀಲ್, ಹೆಡ್ ಗ್ಯಾಸ್ಕೆಟ್, ಹೊಸ ಆಯಿಲ್, ಕೂಲಿ ಎಲ್ಲ ಸೇರಿ ಮೊದಲು ಕೇಳಿದ್ದರ ಕಾಲುಭಾಗವೂ ಆಗಲಿಲ್ಲ. ಬೀಜದ ದುಡ್ಡು ಉಳಿಯಿತು.

ನಿಮ್ಮ ಗಾಡಿಯೂ ಹೊಗೆ ಬಿಟ್ಟರೆ, ಯಾವಾಗ ಬರ್ತದ ಅಂತ ಮೊದಲು ಬರೆದಿಡಿ. ರಿಪೇರಿಗೆ ದುಡ್ಡು ಕೂಡುವ ತನಕ ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಿ, ಕಮ್ಮಿಯಿದ್ದರೆ ತುಂಬಿಸಿ. ಆಯಿಲ್ ಬತ್ತಿದರೆ ಇಂಜಿನ್ನೇ ಹೋಗುತ್ತದೆ.